ಫ್ರಾನ್ಸಿನ ಹಳ್ಳಿಗೆ ಅಮ್ಮ, ಅಪ್ಪ ಬರುವವರಿದ್ದರೆ

ಬಂದ ಮರುದಿನ ಮಧ್ಯಾಹ್ನ ಅಮ್ಮ ನಮ್ಮ ಬೀದಿಯ ಆ ತುದಿವರೆಗೂ ನಡೆದು ವಾಪಸ್ ಬಂದಳು. "ಏನೇ ಇದು, ಊರಲ್ಲಿ ಜನಾನೇ ಇಲ್ವಲ್ಲೇ? ಎಲ್ಲ ಮನೆ ಕಿಟಕಿನೂ ಮುಚ್ಚಿದೆ. ಏನಾದ್ರೂ ರೋಗ ಬಂದಿದ್ಯಾ?"

ನಾವಿರುವುದು ದೋರ್ದೋನ್ಯ್ ಜಿಲ್ಲೆಯಲ್ಲಿ, ಸಾರ್ಲಾ ಪೇಟೆಯ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ. ಶಿವಮೊಗ್ಗದಿಂದ ಅಮ್ಮ, ಅಪ್ಪ ಎರಡು ತಿಂಗಳು ಬಂದು ಇದ್ದು ಹೋದರು. ನಿಮ್ಮ ಮನೆಗೂ ಹಾಗೆ ಯಾರಾದರೂ ಬರುವವರಿದ್ದರೆ, ನಾನು ತಡವಾಗಿ ಹೇಳಿಕೊಟ್ಟದ್ದನ್ನು ನೀವು ಮೊದಲೇ ಹೇಳಿಕೊಡಿ.

ಮೊದಲು ಕಿಟಕಿಯ ವಿಷಯ. ಬೇಸಿಗೆಯಲ್ಲಿ ಇಲ್ಲಿನವರು ಹೊರಗಿನ ಮರದ ಬಾಗಿಲನ್ನೂ ಎಳೆದುಕೊಳ್ಳುತ್ತಾರೆ. ಬಿಸಿಲು ಒಳಗೆ ಬಾರದಿದ್ದರೆ ದಪ್ಪ ಕಲ್ಲಿನ ಗೋಡೆ ಮನೆಯನ್ನು ತಣ್ಣಗೆ ಇಡುತ್ತದೆ. ಒಳಗೆ ಜನ ಇದ್ದಾರೆ, ಊಟ ಮಾಡ್ತಿದ್ದಾರೆ. ಹನ್ನೆರಡರಿಂದ ಎರಡರವರೆಗೆ ಅಂಗಡಿ, ಅಂಚೆ ಕಚೇರಿ, ಪಂಚಾಯಿತಿ ಎಲ್ಲ ಮುಚ್ಚಿರುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಕೇಳಲೇ ಬೇಡಿ. ನಮ್ಮೂರಿನ ಬ್ರೆಡ್ ಅಂಗಡಿಗೆ ಸೋಮವಾರವೂ ರಜೆ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ನಾನು ಅಂಟಿಸಿದ ಮೇಲೆ ಅಮ್ಮ ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ಹೋಗಲು ಶುರು ಮಾಡಿದಳು. ಆಗ ಜನ ಸಿಕ್ಕರು.

ಸಿಕ್ಕಿದ ಮೇಲೆ ಒಂದೇ ಮಾತು ಸಾಕು, ಬೊಂಜೂರ್. ನಮ್ಮ ಕಡೆ ಪರಿಚಯದವರನ್ನು ಕಂಡರೆ ಒಂದು ನಗು, "ಊಟ ಆಯ್ತಾ?" ಅಷ್ಟೇ. ಅಂಗಡಿಯವನಿಗೆ ಯಾರು ನಮಸ್ಕಾರ ಹೇಳ್ತಾರೆ? "ಅರ್ಧ ಕೆಜಿ ಈರುಳ್ಳಿ" ಅಂತ ನೇರ ಕೇಳ್ತೀವಿ. ಇಲ್ಲಿ ಹಾಗೆ ಕೇಳಿದರೆ ಅದು ಒರಟುತನ. ಬ್ರೆಡ್ ಅಂಗಡಿಗೆ ಕಾಲಿಟ್ಟ ಕೂಡಲೇ ಸಾಲಿನಲ್ಲಿ ನಿಂತವರಿಗೂ ಸೇರಿಸಿ ಬೊಂಜೂರ್ ಅನ್ನಬೇಕು. ಡಾಕ್ಟರ ಹತ್ತಿರ ಕಾಯುವ ಕೋಣೆಯಲ್ಲೂ ಅಷ್ಟೆ. ಅದೇ ಮನುಷ್ಯರಿಗೆ ಅದೇ ದಿನ ಎರಡನೇ ಸಲ ಹೇಳಿದರೆ ಮಾತ್ರ ವಿಚಿತ್ರವಾಗಿ ನೋಡ್ತಾರೆ, ಬೆಳಿಗ್ಗೆ ಕಂಡದ್ದು ಮರೆತುಹೋಯ್ತಾ ಅನ್ನುವ ಹಾಗೆ. ಅಪ್ಪನಿಗೆ ಇದು ಕೊನೆವರೆಗೂ ಸಮಸ್ಯೆ. ಎದುರು ಮನೆ ಅಜ್ಜನಿಗೆ ದಿನಕ್ಕೆ ನಾಲ್ಕು ಬೊಂಜೂರ್ ಹಾಕುತ್ತಿದ್ದ.

ಸಂತೆಗೆ ಖಂಡಿತ ಕರೆದುಕೊಂಡು ಹೋಗಿ. ಸಾರ್ಲಾದಲ್ಲಿ ಬುಧವಾರ ಮತ್ತು ಶನಿವಾರ ಬೆಳಿಗ್ಗೆ. ಆದರೆ ಕೈಗಳನ್ನು ಹಿಂದೆ ಕಟ್ಟಿಕೊಳ್ಳಲು ಹೇಳಿ! ಅಮ್ಮ ಬೀನ್ಸ್ ಎಳೆಯದಾ ಅಂತ ನೋಡಲು ಒಂದನ್ನು ಪಟ್ ಅಂತ ಮುರಿದಳು. ಅಂಗಡಿಯಾಕೆಯ ಮುಖ ಇನ್ನೂ ನೆನಪಿದೆ. ಇಲ್ಲಿ ಆರಿಸಿ ಕೊಡುವುದು ಮಾರುವವರ ಕೆಲಸ. ಕರಬೂಜ ಕೇಳಿದಾಗ ಆಕೆ, "ಇವತ್ತಿಗಾ, ನಾಳೆಗಾ?" ಎಂದಳು. ಇವತ್ತು ಅಂದಿದ್ದಕ್ಕೆ ನಾಲ್ಕೈದು ಮೂಸಿ ನೋಡಿ ಒಂದನ್ನು ಕೊಟ್ಟಳು. ಅದು ಅವತ್ತಿಗೇ ಸರಿಯಾಗಿತ್ತು. ಅಮ್ಮ ಆಮೇಲೆ ಆಕೆಯ ಹತ್ತಿರ ಮಾತ್ರ ಕೊಂಡಳು.

ಸಸ್ಯಾಹಾರಿಗಳಾದರೆ ಹೋಟೆಲಿನಲ್ಲಿ ಎಚ್ಚರ ಜಾಸ್ತಿ ಬೇಕು. ಇದು ಬಾತುಕೋಳಿಯ ನಾಡು. ಸಾರ್ಲಾದ ಹೆಸರಿನ ಆಲೂಗಡ್ಡೆ ಪಲ್ಯವನ್ನು ಹುರಿಯುವುದೇ ಬಾತುಕೋಳಿ ಕೊಬ್ಬಿನಲ್ಲಿ. ಪೆರಿಗೋರ್ ಅನ್ನುವುದು ಈ ಸೀಮೆಯ ಹಳೆಯ ಹೆಸರು; ಪೆರಿಗೋರ್ ಸಲಾಡ್ ಅಂದರೆ ಸೊಪ್ಪಿನ ಮೇಲೆ ಬಾತುಕೋಳಿಯ ಜಠರದ ತುಂಡುಗಳು. "ಮಾಂಸ ಬೇಡ" ಅಂದರೆ ಸಾಲದು. ಮೀನು, ಹಂದಿಯ ಚೂರು, ಬಾತುಕೋಳಿ ಕೊಬ್ಬು ಒಂದೊಂದನ್ನೂ ಹೆಸರಿಸಿ ಬೇಡ ಅನ್ನಿ. ಚೀಸ್‌ನಲ್ಲೂ ಅನೇಕದಕ್ಕೆ ಕರುವಿನ ಹೊಟ್ಟೆಯ ರೆನೆಟ್ ಹಾಕಿ ಹಾಲು ಒಡೆಸುತ್ತಾರೆ. ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನಾನು ಎರಡನೇ ವಾರ ಹೇಳಿ ಬೈಸಿಕೊಂಡೆ.

ನೆರೆಯವರು ಸಂಜೆ ಏಳಕ್ಕೆ ಅಪೆರೋಗೆ ಕರೆದರೆ ಅದು ಊಟವಲ್ಲ, ಊಟಕ್ಕೆ ಮುಂಚಿನ ಪಾನೀಯ, ಕುರುಕಲು ಅಷ್ಟೇ. ನಾವು ಮಧ್ಯಾಹ್ನ ಅರ್ಧ ಹೊಟ್ಟೆ ಉಂಡು ಹೋಗಿದ್ದೆವು. ಸಿಕ್ಕಿದ್ದು ಆಲಿವ್, ಚಿಪ್ಸ್, ಅಕ್ರೋಟು, ದೊಡ್ಡವರಿಗೆ ವೈನ್. ರಾತ್ರಿ ಹತ್ತಕ್ಕೆ ಮನೆಗೆ ಬಂದು ಚಿತ್ರಾನ್ನ ಕಲಸಿದೆ. ಜೂನ್‌ನಲ್ಲಿ ಆ ಹೊತ್ತಿಗೂ ಪೂರ್ತಿ ಕತ್ತಲಾಗಿರುವುದಿಲ್ಲ, ಅದೊಂದು ಸಮಾಧಾನ.

ಈಗ ಬಚ್ಚಲು. ಇದನ್ನು ಸಂಕೋಚಪಡದೆ ಮೊದಲ ದಿನವೇ ಹೇಳಿ. ಹಳೆಯ ಮನೆಗಳ ಬಚ್ಚಲಿನ ನೆಲದಲ್ಲಿ ನೀರು ಹೋಗಲು ತೂತು ಇರುವುದಿಲ್ಲ. ಅಮ್ಮ ಮಹಡಿಯಲ್ಲಿ ತಂಬಿಗೆ ಹಿಡಿದು ನೆಲದ ಮೇಲೆ ನಿಂತು ಸ್ನಾನ ಮಾಡಿದಳು, ಕೆಳಗೆ ಅಡುಗೆಮನೆಯಲ್ಲಿ ಮಳೆ. ಇನ್ನೊಂದು, ಫಿನಾಯಿಲ್. ಹಳ್ಳಿಯ ಅನೇಕ ಮನೆಗಳಿಗೆ ಒಳಚರಂಡಿ ಇಲ್ಲ, ಹಿತ್ತಲಿನಲ್ಲಿ ಸೆಪ್ಟಿಕ್ ಟ್ಯಾಂಕ್. ಅದು ನಡೆಯುವುದು ಒಳಗಿನ ಬ್ಯಾಕ್ಟೀರಿಯಾದಿಂದ. ಫಿನಾಯಿಲ್, ಬ್ಲೀಚ್ ಸುರಿದರೆ ಅವು ಸಾಯುತ್ತವೆ, ಆಮೇಲೆ ವಾಸನೆ ಮನೆಯೊಳಗೆ.

ಗಂಟೆಯ ಸದ್ದಿಗೆ ಅಪ್ಪ ಮೊದಲ ಮೂರು ರಾತ್ರಿ ಮಲಗಲಿಲ್ಲ. ನಮ್ಮ ಚರ್ಚು ಪ್ರತಿ ಗಂಟೆಯನ್ನೂ ಎರಡೆರಡು ಸಲ ಹೊಡೆಯುತ್ತದೆ. ದೂರು ಕೊಡೋಣವಾ ಅಂದ. ಬೇಡಪ್ಪಾ ಅಂದೆ. ಓಲೆರೋನ್ ದ್ವೀಪದಲ್ಲಿ ಮಾರಿಸ್ ಅನ್ನುವ ಹುಂಜ ಬೆಳಿಗ್ಗೆ ಕೂಗುತ್ತದೆ ಅಂತ ಪಕ್ಕದ ಮನೆಯವರು ಕೋರ್ಟಿಗೆ ಹೋಗಿದ್ದರು. 2019ರಲ್ಲಿ ಹುಂಜದ ಕಡೆಗೇ ತೀರ್ಪಾಯಿತು. 2021ರಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಕಾಪಾಡಲು ಕಾನೂನೇ ಬಂತು. ಇದನ್ನು ಕೇಳಿ ಅಪ್ಪ ನಕ್ಕು ಕಿವಿಗೆ ಹತ್ತಿ ಇಟ್ಟುಕೊಂಡ. ತಿಂಗಳ ಮೊದಲ ಬುಧವಾರ ಮಧ್ಯಾಹ್ನ ಸೈರನ್ ಕೂಗಿದರೂ ಗಾಬರಿ ಬೇಡ, ಅದು ಸುಮ್ನೆ ಪರೀಕ್ಷೆ. ನಿಜವಾಗಿ ಏನಾದರೂ ಆದರೆ 112ಕ್ಕೆ ಫೋನ್ ಮಾಡಬೇಕು. ಅದನ್ನೂ ಫ್ರಿಜ್ ಚೀಟಿಯಲ್ಲಿ ಬರೆಯಿರಿ. ಸೆಪ್ಟೆಂಬರ್ ನಂತರ ಬರುವವರಿದ್ದರೆ ಬೇಟೆಯ ಕಾಲ. ಕಾಡಿನ ಕಡೆ ವಾಕಿಂಗಿಗೆ ಕಿತ್ತಳೆ ಬಣ್ಣದ ಜಾಕೆಟ್ ಹಾಕಿಸಿ ಕಳಿಸಿ.

ಸೂಟ್‌ಕೇಸ್ ತುಂಬುವಾಗಲೂ ಫೋನಿನಲ್ಲೇ ಜೊತೆಗಿರಿ. ತುಪ್ಪ, ಪೇಡ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವ ಹಾಗಿಲ್ಲ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಕೇಳುತ್ತಾರೆ. ತೆಂಗಿನಕಾಯಿಗೆ ಮಾತ್ರ ಅಡ್ಡಿಯಿಲ್ಲ. ಅಮ್ಮ ಆರು ತಂದಿದ್ದಳು. ಒಂದನ್ನು ಬೀನ್ಸ್ ಮುರಿದ ತಪ್ಪಿಗೆ ಸಂತೆಯ ಆಕೆಗೆ ಕೊಟ್ಟಳು. ಒಡೆಯುವುದು ಹೇಗೆ ಅಂತ ತೋರಿಸಲು ಮುಂದಿನ ಶನಿವಾರ ಮತ್ತೆ ಹೋಗಬೇಕಾಯಿತು.