ಕ್ರೇಪ್ ಮರ್ಟಲ್ ಗಿಡವನ್ನು ಬೋಳಿಸಬೇಡಿ ಕಣ್ರೀ

ಜನವರಿ ಬಂದರೆ ಸಾಕು, ನಮ್ಮ ಬೀದಿಯಲ್ಲಿ ಕತ್ತರಿ ಹಿಡಿದವರದ್ದೇ ಕಾರುಬಾರು. ಗೊಂಚಲು ಗೊಂಚಲಾಗಿ ಹೂ ಬಿಡುವ ಕ್ರೇಪ್ ಮರ್ಟಲ್ ಗಿಡ ಎಲೆ ಉದುರಿಸಿ ನಿಂತದ್ದು ಕಂಡರೆ ಎದೆಮಟ್ಟಕ್ಕೆ ಕಡಿದು ಮೋಟು ಮಾಡಿಬಿಡುತ್ತಾರೆ. ಕೇಳಿದರೆ "ಚೆನ್ನಾಗಿ ಚಿಗುರುತ್ತೆ ನೋಡಿ ಆಂಟಿ" ಅನ್ನುತ್ತಾರೆ. ಚಿಗುರುತ್ತದೆ, ಇಲ್ಲ ಅಂದವರ್ಯಾರು? ಒಂದೊಂದು ಮೋಟಿನಿಂದ ಕಡ್ಡಿಗಳ ಹಿಂಡೇ ಎದ್ದು, ಹೂ ಬಿಟ್ಟ ಮೇಲೆ ಒಂದು ಮಳೆ ಬಿದ್ದರೆ ಎಲ್ಲ ನೆಲಕ್ಕೆ ಬಾಗುತ್ತವೆ. ವರ್ಷಾ ವರ್ಷಾ ಅಲ್ಲೇ ಕಡಿದರೆ ಆ ಜಾಗ ಗಂಟುಗಂಟಾಗಿ ಊದಿಕೊಳ್ಳುತ್ತದೆ.

ಇದು ನಮ್ಮ ಹೊಳೆದಾಸವಾಳ, ನಂದಿ ಮರಗಳ ದಾಯಾದಿ. ಹೊಸ ಚಿಗುರಿನ ತುದಿಯಲ್ಲೇ ಹೂ ಬಿಡುವುದು, ಅದಕ್ಕೇ ಕತ್ತರಿ ಬೇಕು ಅನ್ನಿ. ಒಣಗಿದ್ದು, ಒಂದಕ್ಕೊಂದು ಉಜ್ಜುವ ರೆಂಬೆ, ಬುಡದಿಂದ ಎದ್ದ ಕಡ್ಡಿ, ಇಷ್ಟು ತೆಗೆದರೆ ಸಾಕು. ದಪ್ಪ ಕಾಂಡ ಮುಟ್ಟಬೇಡಿ. ವಯಸ್ಸಾದ ಮೇಲೆ ಅದರ ತೊಗಟೆ ಸುಲಿದು ಸೀಬೆ ಮರದ ಹಾಗೆ ನುಣ್ಣಗೆ ಕಾಣುತ್ತದೆ, ಹೂವಿಲ್ಲದ ಕಾಲಕ್ಕೂ ಅದೇ ಚೆಂದ.

ಬಿಸಿಲು, ನೀರು ನಿಲ್ಲದ ಮಣ್ಣು, ಒಂದಿಷ್ಟು ಕೊಟ್ಟಿಗೆ ಗೊಬ್ಬರ, ಇದನ್ನೆಲ್ಲ ನಾನು ಹೇಳಬೇಕಾ? ಗೋಡೆ ಮರೆಯ ನೆರಳಲ್ಲಿ ನೆಟ್ಟು ಎಲೆಗೆ ಬೂದಿ ರೋಗ ಬಂತು ಅಂತ ಅಳಬೇಡಿ. ಯೂರಿಯಾನೂ ಸುರಿಯಬೇಡಿ, ಬರೀ ಸೊಪ್ಪು ಬರುತ್ತದೆ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ, ಹೂ ಮುಗಿದ ಗೊಂಚಲು ತೆಗೆಯುವುದು. ಮೊದಲ ಸುತ್ತಿನ ಹೂ ಉದುರಿದ ಮೇಲೆ ಗೊಂಚಲಿನಲ್ಲಿ ದುಂಡು ದುಂಡು ಹಸಿರು ಕಾಯಿ ಕೂರುತ್ತವೆ. ಅವು ಹಸಿರಾಗಿದ್ದಾಗಲೇ ತೆಗೆಯಬೇಕು. ಕಂದು ತಿರುಗಿ ಬಾಯಿ ಬಿಟ್ಟವೋ, ಗಿಡದ ಕಸುವೆಲ್ಲ ಬೀಜಕ್ಕೆ ಹೋಯಿತು ಅಂತಲೇ ಲೆಕ್ಕ. ಇಬ್ಬನಿ ಆರಿದ ಮೇಲೆ ಗೊಂಚಲನ್ನು ಎಡಗೈಯಲ್ಲಿ ಮೆಲ್ಲಗೆ ಬಾಗಿಸಿ, ಕಾಯಿಯ ಕೆಳಗಿನಿಂದ ಬೆರಳು ಇಳಿಸುತ್ತಾ ಬನ್ನಿ. ಮೊದಲು ಸಿಗುವ ಎಲೆ ಬೇಡ, ಅಲ್ಲಿ ಕಡ್ಡಿ ಬಡಕಲು. ಇನ್ನೂ ಒಂದೆರಡು ಎಲೆ ಕೆಳಗಿಳಿದು, ಹೊರಗೆ ಮುಖ ಮಾಡಿದ ಎಲೆ ಹುಡುಕಿ. ಅದರ ಕಂಕುಳಲ್ಲಿ ಚುಕ್ಕೆಯಷ್ಟು ಮೊಗ್ಗು ಕೈಗೆ ತಾಗುತ್ತದೆ. ಅದರ ಮೇಲೆ ಒಂಚೂರು ಬಿಟ್ಟು, ಓರೆಯಾಗಿ, ಒಂದೇ ಸಲಕ್ಕೆ ಕತ್ತರಿಸಿ. ಜಗ್ಗಿ ಸೀಳಬೇಡಿ. ಅವತ್ತು ಬುಡಕ್ಕೆ ಧಾರಾಳವಾಗಿ ನೀರು ಹಾಕಿ. ಗೌರಿ ಹಬ್ಬದ ಹೊತ್ತಿಗೆ ಇನ್ನೊಂದು ಸುತ್ತು ಹೂ ಬರುತ್ತದೆ.

ನಮ್ಮತ್ತೆ ಈ ಕೆಲಸ ಸುಲಭಕ್ಕೆ ಯಾರಿಗೂ ಬಿಡುತ್ತಿರಲಿಲ್ಲ. ಸ್ಟೂಲ್ ಹತ್ತಿ, ಕತ್ತರಿಸಿದ್ದನ್ನೆಲ್ಲ ಸೆರಗಿಗೆ ತುಂಬಿಕೊಳ್ಳುತ್ತಿದ್ದರು. ನಾನು ಕತ್ತರಿಸಿದ ಕಡೆ ಒಂದು ಗೊಂಚಲು ಉಳಿದಿದ್ದರೂ ಅಡುಗೆಮನೆಯಿಂದ ನನ್ನನ್ನು ಕರೆದು ತೋರಿಸುತ್ತಿದ್ದರು.

ಕತ್ತರಿಯನ್ನು ಒರೆಸಿ ಕೊಬ್ಬರಿ ಎಣ್ಣೆ ಸವರಿ ಇಡಿ.

ಜನವರಿಯಲ್ಲಿ ತೆಗೆದ ಕಡ್ಡಿಗಳನ್ನು ಸುಮ್ನೆ ಕಸಕ್ಕೆ ಹಾಕಬೇಡಿ. ಪೆನ್ಸಿಲ್ ದಪ್ಪದ್ದನ್ನು ಗೇಣುದ್ದ ಕತ್ತರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಅರ್ಧ ಹೂತು ನೆರಳಲ್ಲಿಡಿ. ಎಲೆ ಬಂತು ಅಂತ ಕಿತ್ತು ನೋಡಬೇಡಿ, ಬೇರು ಬರುವುದು ಆಮೇಲೆ.