ಹಳೇ ಕಾರಿಗೆ ಹೊಸ ಬ್ರೇಕ್ ಡಿಸ್ಕ್: ಮೊದಲು ಹಬ್ ಉಜ್ಜಿ

ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತದೆ, ಪೆಡಲ್ ಕಾಲಿಗೆ ಟಕಟಕ ಹೊಡೆಯುತ್ತದೆ. ಹೊಸ ಡಿಸ್ಕ್ ಹಾಕಿ ಆರು ತಿಂಗಳೂ ಆಗಿಲ್ಲ. ಉಡುಪಿಯಲ್ಲಿ ನಮ್ಮ ಬೀದಿಯೊಂದರಲ್ಲೇ ಇಂಥ ಮೂರು ಕಾರು ನೋಡಿದ್ದೇನೆ. ಮೂವರೂ ಹೇಳಿದ್ದು ಒಂದೇ ಮಾತು: 'ಡಿಸ್ಕ್ ಡೂಪ್ಲಿಕೇಟ್, ಬೆಂಡ್ ಆಗಿದೆ.' ಬಿಚ್ಚಿ ನೋಡಿದರೆ ಒಂದೂ ಡೂಪ್ಲಿಕೇಟ್ ಅಲ್ಲ. ಡಿಸ್ಕ್ ಕೂರುವ ಹಬ್ ಮೇಲೆ ಹಳೇ ತುಕ್ಕು ಪದರ ಹಾಗೇ ಇತ್ತು. ಅದರ ಮೇಲೇ ಹೊಸದನ್ನು ಕೂರಿಸಿದ್ದರು, ಅಷ್ಟೇ.

ನಾನು ಇಲ್ಲಿ ಹೇಳುವುದು 2005ರಲ್ಲಿ ಬಂದ ಮೊದಲ ತಲೆಮಾರಿನ ಮಾರುತಿ ಸ್ವಿಫ್ಟ್ ಲೆಕ್ಕದಲ್ಲಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಕೆಲವು ಕಾರುಗಳಲ್ಲಿ ಡಿಸ್ಕನ್ನು ಸಣ್ಣ ಸ್ಕ್ರೂ ಹಾಕಿ ಹಿಡಿದಿರುತ್ತಾರೆ, ಇನ್ನು ಕೆಲವು ಹಳೇ ಕಾರುಗಳಲ್ಲಿ ಹಬ್ಬನ್ನೇ ಕಳಚಬೇಕಾಗುತ್ತದೆ. ನಿಮ್ಮದು ಯಾವ ಥರ ಅಂತ ಮೊದಲೇ ನೋಡಿಕೊಳ್ಳಿ. ಈ ಕೆಲಸ ಹೊಸದಾದರೆ ಅನುಭವ ಇರುವ ಒಬ್ಬರನ್ನು ಜೊತೆಗೆ ಇಟ್ಟುಕೊಳ್ಳಿ. ಇದು ಬ್ರೇಕ್, ನೆನಪಿರಲಿ.

ನಿಜವಾಗಿ ಬದಲಿಸಬೇಕಾ?

ಮಳೆಯಲ್ಲಿ ಒಂದು ರಾತ್ರಿ ನಿಂತ ಕಾರಿನ ಡಿಸ್ಕ್ ಮೇಲೆ ಕೆಂಪು ತುಕ್ಕು ಕಂಡರೆ ಗಾಬರಿ ಬೇಡ. ನಾಲ್ಕು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ. ನೋಡಬೇಕಾದ್ದು ದಪ್ಪ. ಎಷ್ಟಕ್ಕಿಂತ ತೆಳ್ಳಗಾಗಬಾರದು ಅನ್ನುವುದನ್ನು ಹೆಚ್ಚಿನ ಡಿಸ್ಕ್‌ಗಳ ಮೇಲೇ ಅಚ್ಚು ಹಾಕಿರುತ್ತಾರೆ. ಆದರೆ ಸವೆದ ಡಿಸ್ಕ್‌ನ ಹೊರ ಅಂಚಿನಲ್ಲಿ ಒಂದು ಏಣು ಉಳಿದಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಇಟ್ಟರೆ ಅದು ಆ ಉಬ್ಬಿದ ಅಂಚಿಗೆ ತಾಗಿ ಜಾಸ್ತಿ ದಪ್ಪ ತೋರಿಸುತ್ತದೆ. ಅದಕ್ಕೆ ಎರಡು ಬದಿಗೂ ಒಂದೊಂದು ರೂಪಾಯಿ ನಾಣ್ಯ ಒತ್ತಿಹಿಡಿದು ಅಳೆಯಿರಿ. ಆಮೇಲೆ ಎರಡು ನಾಣ್ಯದ ದಪ್ಪ ಕಳೆಯಿರಿ. ಸರಿಯಾದ ಲೆಕ್ಕ ಸಿಗುತ್ತದೆ.

ತೆಳ್ಳಗಾದ ಡಿಸ್ಕನ್ನು ಲೇತ್‌ಗೆ ಕೊಟ್ಟು ನುಣುಪು ಮಾಡಿಸಿ ಮತ್ತೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಮೊದಲೇ ತೆಳ್ಳಗಿದ್ದದ್ದು ಇನ್ನೂ ತೆಳ್ಳಗಾಗುತ್ತದೆ, ಬೇಗ ಕಾಯುತ್ತದೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಬ್ರೇಕ್ ಕಾದು ಹಿಡಿಯದೇ ಹೋದರೆ ಏನಾಗುತ್ತದೆ ಯೋಚಿಸಿ.

ಡಿಸ್ಕ್ ತರುವಾಗ ಎಡ, ಬಲ ಎರಡಕ್ಕೂ ತನ್ನಿ. ಡಿಸ್ಕನ್ನು ಎರಡೂ ಬದಿಯಿಂದ ಒತ್ತಿಹಿಡಿಯುವ ಪ್ಯಾಡ್ ಕೂಡ ಹೊಸದೇ ಬೇಕು. ಹಳೇ ಪ್ಯಾಡ್ ಹಳೇ ಡಿಸ್ಕ್‌ನ ಗೀರಿಗೆ ತಕ್ಕ ಹಾಗೆ ಸವೆದಿರುತ್ತದೆ, ಹೊಸದರ ಮೇಲೆ ಪೂರ್ತಿ ಕೂರುವುದಿಲ್ಲ. ತೂತು ಕೊರೆದ, ಗೀರು ಹಾಕಿದ 'ರೇಸಿಂಗ್' ಡಿಸ್ಕ್ ಕಡಿಮೆ ದುಡ್ಡಿಗೆ ಸಿಗುತ್ತದೆ ಅಂತ ತರಬೇಡಿ. ಮನೆ ಕಾರಿಗೆ ಸಾದಾ ಡಿಸ್ಕೇ ಒಳ್ಳೆಯದು.

ಎತ್ತುವುದು, ಬಿಚ್ಚುವುದು

ಸಮತಟ್ಟಾದ ಗಟ್ಟಿ ನೆಲ ಬೇಕು. ಕಾರನ್ನು ಗೇರಿನಲ್ಲಿಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಮರದ ತುಂಡು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಡಿಕ್ಕಿಯಲ್ಲಿರುವ ಜ್ಯಾಕ್ ಇರುವುದು ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಜ್ಯಾಕ್ ಸ್ಟ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ನಮ್ಮ ಕಡೆ ಮುರಕಲ್ಲು (ಕೆಂಪು ಕಲ್ಲು) ಇಟ್ಟು ಕೆಲಸ ಮಾಡುವವರನ್ನು ನೋಡಿದ್ದೇನೆ. ಅದು ಗೊತ್ತೇ ಆಗದ ಹಾಗೆ ಪುಡಿಯಾಗಿ ಬಿಡುತ್ತದೆ. ಬಿಚ್ಚಿದ ಚಕ್ರವನ್ನೂ ಕಾರಿನ ಅಡಿಗೆ ತಳ್ಳಿಡಿ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಯಾವ ಕ್ಲಿಪ್ ಎಲ್ಲಿತ್ತು ಅಂತ ಮರೆತರೆ ಬಿಚ್ಚದ ಬದಿ ನೋಡಿಕೊಳ್ಳಬಹುದು. ಪ್ಯಾಡ್ ಪುಡಿಯನ್ನು ಬಾಯಲ್ಲಾಗಲಿ ಕಂಪ್ರೆಸರ್‌ನಲ್ಲಾಗಲಿ ಊದಬೇಡಿ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗವೇ ಕ್ಯಾಲಿಪರ್. ಅದರ ಎರಡು ಬೋಲ್ಟ್ ತೆಗೆದು, ಕಟ್ಟುತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ ತೂಗುಬಿಡಿ. ಬ್ರೇಕ್ ಪೈಪ್ ಮೇಲೆ ಅದರ ಭಾರ ಬೀಳಬಾರದು. ಹಿಂದೆ, ಕ್ಯಾಲಿಪರ್ ಕೂರುವ ಬ್ರ್ಯಾಕೆಟ್‌ನ ಎರಡು ದೊಡ್ಡ ಬೋಲ್ಟ್‌ಗಳಿವೆ. ಅವು ತುಂಬ ಬಿಗಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ, ಉದ್ದ ಹಿಡಿಯ ಸ್ಪ್ಯಾನರ್ ಬಳಸಿ.

ಡಿಸ್ಕ್ ಅಂಟಿಕೊಂಡಿದ್ದರೆ ಎಲ್ಲರೂ ಸುತ್ತಿಗೆ ಹುಡುಕುತ್ತಾರೆ. ಆ ಪೆಟ್ಟು ವೀಲ್ ಬೇರಿಂಗ್‌ಗೆ ಹೋಗುತ್ತದೆ. ಡಿಸ್ಕ್‌ನಲ್ಲೇ ಥ್ರೆಡ್ ಇರುವ ಎರಡು ಸಣ್ಣ ತೂತು ಕಾಣುತ್ತವಲ್ಲ, ಅವು ಇದಕ್ಕೇ ಇರುವುದು. ಎರಡಕ್ಕೂ 8 ಎಂ.ಎಂ. ಬೋಲ್ಟ್ ಹಾಕಿ, ಒಂದಕ್ಕೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು ಬಿಗಿ ಮಾಡುತ್ತಾ ಹೋಗಿ. 'ಟಕ್' ಅಂತ ಬಿಟ್ಟು ಬರುತ್ತದೆ.

ಹಬ್: ಇಲ್ಲಿ ಅವಸರ ಬೇಡ

ಡಿಸ್ಕ್ ತೆಗೆದ ಮೇಲೆ ಹಬ್ ಮುಖ ನೋಡಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅದು ಹೆಂಚಿನ ಬಣ್ಣಕ್ಕೆ ತಿರುಗಿರುತ್ತದೆ. ಮೇಲ್ಮೇಲೆ ವೈರ್ ಬ್ರಷ್ ಆಡಿಸಿದರೆ ಹೊಳೆಯುತ್ತದೆ, ಸ್ವಚ್ಛವಾಯಿತು ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ. ವೀಲ್ ನಟ್ ಕೂರುವ ನಾಲ್ಕು ಸ್ಟಡ್‌ಗಳ ಬುಡದಲ್ಲಿ ಬಳೆಯ ಹಾಗೆ ತುಕ್ಕು ಉಬ್ಬಿರುತ್ತದೆ, ಬ್ರಷ್ ಅಲ್ಲಿಗೆ ಹೋಗುವುದೇ ಇಲ್ಲ.

80 ನಂಬರಿನ ಎಮ್ರಿ ಕಾಗದದ ಪಟ್ಟಿ ಕತ್ತರಿಸಿ. ಒಂದೊಂದು ಸ್ಟಡ್ ಸುತ್ತಲೂ ಬೆರಳಿನಿಂದ ಒತ್ತಿ ತಿರುಗಿಸುತ್ತಾ ಉಜ್ಜಿ. ನಡುವಿನ ಎದ್ದ ಬಳೆಯ ಬುಡವನ್ನೂ ಬಿಡಬೇಡಿ. ಒರೆಸಿ, ಕಣ್ಣು ಮುಚ್ಚಿ ಉಗುರು ಎಳೆಯಿರಿ. ಎಲ್ಲಾದರೂ ತಡೆದರೆ ಮತ್ತೆ ಉಜ್ಜಿ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಒಂದು ಬದಿಗೆ ನನಗೆ ಅರ್ಧ ಗಂಟೆ ಹಿಡಿಯುತ್ತದೆ. ಗ್ರೈಂಡರ್ ಹಚ್ಚಬೇಡಿ, ಅದು ತುಕ್ಕಿನ ಜೊತೆ ಹಬ್ಬನ್ನೂ ತಿನ್ನುತ್ತದೆ. ಪೇಂಟ್ ಬಳಿಯಬೇಡಿ. ಗ್ರೀಸ್ ಮೆತ್ತುವುದೂ ಬೇಡ.

ಇಷ್ಟೆಲ್ಲ ಯಾಕೆ? ಹಬ್ ಮೇಲೆ ಕೂದಲೆಳೆಯಷ್ಟು ಕಸ ಉಳಿದರೂ ಡಿಸ್ಕ್ ಓರೆಯಾಗಿ ಕೂರುತ್ತದೆ. ಆ ಓರೆ ಡಿಸ್ಕ್‌ನ ಅಂಚಿಗೆ ಬರುವಷ್ಟರಲ್ಲಿ ಇನ್ನೂ ದೊಡ್ಡದಾಗುತ್ತದೆ. ಬ್ರೇಕ್ ಒತ್ತದೆ ಓಡಿಸುವಾಗಲೂ ಪ್ರತಿ ಸುತ್ತಿಗೆ ಒಂದೇ ಜಾಗ ಪ್ಯಾಡ್‌ಗೆ ತಾಗುತ್ತದೆ. ಕೆಲವು ಸಾವಿರ ಕಿ.ಮೀ. ಹೋಗುವಷ್ಟರಲ್ಲಿ ಆ ಜಾಗ ಸವೆದು ತೆಳ್ಳಗಾಗುತ್ತದೆ. ನಡುಕ ಶುರುವಾಗುವುದು ಆಗ. ಹಾಕಿದ ದಿನ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ತಪ್ಪೆಲ್ಲ ಡಿಸ್ಕ್ ತಲೆಗೆ ಬರುವುದು.

ಹೊಸ ಡಿಸ್ಕ್‌ಗೆ ತುಕ್ಕು ಬಾರದಂತೆ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಲ್ಲಿ ಎರಡೂ ಬದಿ ತೊಳೆಯಿರಿ. ಸೀಮೆಎಣ್ಣೆ ಬೇಡ, ಅದೇ ಜಿಡ್ಡು ಬಿಡುತ್ತದೆ. ಡಿಸ್ಕನ್ನು ಹಬ್ ಮೇಲೆ ಕೂರಿಸಿ, ವಾಷರ್ ಕೊಟ್ಟು ನಾಲ್ಕು ನಟ್ ಬಿಗಿ ಮಾಡಿ. ಈಗ ಗೇರ್ ನ್ಯೂಟ್ರಲ್‌ಗೆ ತಂದು, ಸಣ್ಣ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜನ್ನು ಡಿಸ್ಕ್ ಮುಖಕ್ಕೆ ತಾಗಿಸಿಟ್ಟು ಡಿಸ್ಕ್ ತಿರುಗಿಸಿ. ಮುಳ್ಳು 0.1 ಎಂ.ಎಂ.ಗಿಂತ ಜಾಸ್ತಿ ಅಲ್ಲಾಡಬಾರದು. ಜಾಸ್ತಿ ಬಂದರೆ ಡಿಸ್ಕ್ ತೆಗೆದು ಒಂದು ಸ್ಟಡ್ ಮುಂದಕ್ಕೆ ತಿರುಗಿಸಿ ಕೂರಿಸಿ, ಮತ್ತೆ ನೋಡಿ. ಎಷ್ಟೋ ಸಲ ಇಷ್ಟರಲ್ಲೇ ಸರಿಹೋಗುತ್ತದೆ. ಮನೆಯಲ್ಲಿ ಕಾರು ಕೆಲಸ ಮಾಡುವವರು ಅಯಸ್ಕಾಂತದ ಸ್ಟ್ಯಾಂಡ್ ಇರುವ ಒಂದು ಡಯಲ್ ಗೇಜ್ ಕೊಂಡಿಡಲೇಬೇಕು.

ಮತ್ತೆ ಜೋಡಿಸುವುದು

ಬ್ರ್ಯಾಕೆಟ್ ಹಾಕಿ, ಬೋಲ್ಟ್ ಬಿಗಿ ಮಾಡಿ. ಕ್ಯಾಲಿಪರ್ ಜಾರುವ ಪಿನ್ ಒರೆಸಿ, ಬ್ರೇಕ್‌ಗೆ ಅಂತಲೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಹಿಡಿದುಕೊಳ್ಳುತ್ತದೆ. ಪ್ಯಾಡ್ ಒತ್ತುವ ಪಿಸ್ಟನ್ನನ್ನು ಕ್ಯಾಲಿಪರ್ ಒಳಗೆ ತಳ್ಳುವ ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ತುಂಬಿದ್ದರೆ ಉಕ್ಕಿ ಚೆಲ್ಲುತ್ತದೆ, ಬಿದ್ದ ಕಡೆ ಪೇಂಟ್ ಎದ್ದು ಬರುತ್ತದೆ. ಹಳೇ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪ್‌ನಲ್ಲಿ ನಿಧಾನವಾಗಿ ತಳ್ಳಿ. ಹೊಸ ಪ್ಯಾಡ್ ಕೂರಿಸಿ ಕ್ಯಾಲಿಪರ್ ಮುಚ್ಚಿ.

ವೀಲ್ ನಟ್‌ಗಳನ್ನು ಎದುರುಬದುರಾಗಿ, ಎಷ್ಟು ಬಿಗಿಯಾಯಿತು ಅಂತ ತಿಳಿಸುವ ಟಾರ್ಕ್ ರೆಂಚ್‌ನಲ್ಲಿ 85 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಟಯರ್ ಅಂಗಡಿಯಲ್ಲಿ ಗಾಳಿ ಗನ್ ಹಿಡಿದು ಕರ್ರ್ ಅಂತ ಬಿಗಿಯುತ್ತಾರಲ್ಲ, ಅದರಿಂದಲೂ ಡಿಸ್ಕ್ ಸೊಟ್ಟಗಾಗುತ್ತದೆ. ಮುಂದೆ ಪಂಕ್ಚರ್ ಹಾಕಿಸುವಾಗಲೂ ಕೈಯಲ್ಲೇ ಬಿಗಿ ಮಾಡಿಸಿ.

ಎರಡೂ ಬದಿ ಮುಗಿದ ಮೇಲೆ, ಕಾರು ಒಂದಿಂಚು ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಾ ಇರಿ. ಮೊದಲ ಸಲ ಅದು ತಳಕ್ಕೇ ಹೋಗುತ್ತದೆ. ಇದನ್ನು ಮರೆತು ಹೊರಟು, ಗೇಟಿಗೆ ಗುದ್ದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಯಿಲ್ ಮಟ್ಟ ನೋಡಿ. ಕಡಿಮೆ ಇದ್ದರೆ ಮುಚ್ಚಳದ ಮೇಲೆ ಬರೆದಿರುವ ಗ್ರೇಡಿನದೇ, ಸೀಲ್ ಒಡೆಯದ ಬಾಟಲಿಯಿಂದ ಹಾಕಿ.

ಬೆಳಿಗ್ಗೆ ಬೇಗ ಖಾಲಿ ರಸ್ತೆಗೆ ಒಯ್ಯಿರಿ. ಗಂಟೆಗೆ 50 ಕಿ.ಮೀ.ಯಿಂದ 10ಕ್ಕೆ ಇಳಿಯುವಷ್ಟು ಮೆತ್ತಗೆ ಬ್ರೇಕ್ ಹಿಡಿಯಿರಿ, ಬಿಡಿ, ಸ್ವಲ್ಪ ದೂರ ಓಡಿಸಿ. ಹೀಗೆ ಹತ್ತು ಸಲ. ಡಿಸ್ಕ್ ಕಾದಿರುವಾಗ ಪೆಡಲ್ ಒತ್ತಿಹಿಡಿದು ನಿಲ್ಲಬೇಡಿ, ಪ್ಯಾಡ್‌ನ ಗುರುತು ಅಲ್ಲೇ ಅಚ್ಚಾಗುತ್ತದೆ. ಮನೆಗೆ ಬಂದ ಕೂಡಲೇ ಚಕ್ರಕ್ಕೆ ನೀರು ಹಿಡಿಯಬೇಡಿ. ಮೊದಲ 300 ಕಿ.ಮೀ. ಜೋರು ಬ್ರೇಕ್ ಬೇಡ, ಘಾಟಿ ಪ್ರಯಾಣವನ್ನೂ ಮುಂದಿನ ವಾರಕ್ಕೆ ಹಾಕಿ. 50 ಕಿ.ಮೀ. ಓಡಿದ ಮೇಲೆ ಕಾರು ತಣ್ಣಗಾಗಲು ಬಿಟ್ಟು, ವೀಲ್ ನಟ್‌ಗಳಿಗೆ ಇನ್ನೊಂದು ಸಲ ಟಾರ್ಕ್ ರೆಂಚ್ ಹಚ್ಚಿ ನೋಡಿ.