ಗ್ರಂಥಾಲಯದ ಹಳೆಯ ವಹಿಯನ್ನು ಕಂಪ್ಯೂಟರಿಗೆ ಏರಿಸುವಾಗ

ನಿಮ್ಮ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದಿದ್ದರೆ ಮೊದಲ ವಾರ ಅದನ್ನು ಮುಟ್ಟಬೇಡಿ. ಪುಸ್ತಕ ದಾಖಲಾತಿಯ ರಿಜಿಸ್ಟರ್ ಹಿಡಿದು ಕಪಾಟಿನ ಮುಂದೆ ನಿಲ್ಲಿ. ರಿಜಿಸ್ಟರಿನಲ್ಲಿದ್ದು ಕಪಾಟಿನಲ್ಲಿ ಇಲ್ಲದ ಪುಸ್ತಕಗಳಿಗೆ ಪೆನ್ಸಿಲ್ ಗುರುತು ಹಾಕಿ. ಇಲ್ಲದ ಪುಸ್ತಕವನ್ನು ಇದೆಯೆಂದು ತೋರಿಸುವ ಪರದೆಯನ್ನು ಓದುಗರು ಎರಡನೇ ಸಲ ನಂಬುವುದಿಲ್ಲ.

ಆಮೇಲೆ ಎಕ್ಸೆಲ್‌ನಲ್ಲಿ ದಾಖಲಾತಿ ಸಂಖ್ಯೆ, ಶೀರ್ಷಿಕೆ, ಲೇಖಕರು, ಪ್ರಕಾಶಕರು, ವರ್ಷ, ಬೆಲೆ, ವರ್ಗ ಸಂಖ್ಯೆ (ಪುಸ್ತಕದ ವಿಷಯವನ್ನು ಸೂಚಿಸುವ ಸಂಖ್ಯೆ) ಎಂದು ಕಾಲಂ ಮಾಡಿ. ಹಳೆಯ ದಾಖಲಾತಿ ಸಂಖ್ಯೆಯನ್ನು ಯಾವ ಕಾರಣಕ್ಕೂ ಬದಲಿಸಬೇಡಿ. ಪುಸ್ತಕದ ಮೇಲೆ ಮುದ್ರೆಯಾಗಿರುವುದು ಅದೇ.

ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಪಟ್ಟಿಯಿದ್ದರೆ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಯಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ.

ನಮ್ಮಲ್ಲಿ ಪಟ್ಟಿ ಮುಗಿದ ವಾರವೇ ಪಿಯುಸಿ ಹುಡುಗಿಯೊಬ್ಬಳು ಬೇಂದ್ರೆಯವರ ಕವಿತೆಗಳನ್ನು ಕೇಳಿಕೊಂಡು ಬಂದಳು. ಹುಡುಕಿದರೆ ಒಂದೂ ಇಲ್ಲ. ಅವಳ ಬೆನ್ನ ಹಿಂದಿನ ಕಪಾಟಿನಲ್ಲೇ 11 ಪುಸ್ತಕಗಳಿದ್ದವು! ಟೈಪ್ ಮಾಡುವಾಗ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಬಿದ್ದಿತ್ತು. ‘ಬೇ೦ದ್ರೆ’, ‘ಬೇಂದ್ರೆ’ ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಆ ಸಂಜೆ ಕುಳಿತು ಎಲ್ಲ ಸೊನ್ನೆಗಳನ್ನೂ ಒಟ್ಟಿಗೆ ಬದಲಿಸಿದೆ. ನೀವೂ ಮಾಡಿ, ಆದರೆ ಶೀರ್ಷಿಕೆ ಮತ್ತು ಲೇಖಕರ ಕಾಲಂಗಳಲ್ಲಿ ಮಾತ್ರ. ವರ್ಷ, ಬೆಲೆಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ಅವು ಕೆಟ್ಟುಹೋಗುತ್ತವೆ.

ಕಾವ್ಯನಾಮದ ಜೊತೆಗೆ ನಿಜನಾಮವೂ ಇರಲಿ: ಕುವೆಂಪು ಎಂದರೂ ಕೆ.ವಿ. ಪುಟ್ಟಪ್ಪ ಎಂದರೂ ಸಿಗಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಬರೆಯುವ ಕಾಲಂ ಒಂದನ್ನೂ ಸೇರಿಸಿ. ಕನ್ನಡ ಚೆನ್ನಾಗಿ ಓದುವ ಮಕ್ಕಳೇ ಮೊಬೈಲ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅವರನ್ನು ತಿದ್ದುವ ಕೆಲಸ ಆಮೇಲೆ, ಮೊದಲು ಪುಸ್ತಕ ಕೈಗೆ ಸಿಗಲಿ.

ಪಟ್ಟಿ ಶುದ್ಧವಾದ ಮೇಲೆ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶದ ಮಾತು. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿಯ ಇ-ಗ್ರಂಥಾಲಯ ಇದೆ. 1999–2000ರಲ್ಲಿ ನ್ಯೂಜಿಲೆಂಡ್‌ನ ಸಣ್ಣ ಊರುಗಳ ಗ್ರಂಥಾಲಯಗಳಿಗಾಗಿ ಹುಟ್ಟಿದ ಕೋಹಾ ಇದೆ. ಕೋಹಾಕ್ಕೆ ಪರವಾನಗಿ ಶುಲ್ಕವಿಲ್ಲ, ಆದರೆ ಸರ್ವರ್ ನೋಡಿಕೊಳ್ಳಬಲ್ಲವರು ಹತ್ತಿರ ಇರಬೇಕು.

ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರು ಕೀಲಿಮಣೆ ಮುಟ್ಟುವುದಿಲ್ಲ. ಅವರಿಗಾಗಿ ಲೇಖಕರ ಅಕಾರಾದಿಯಲ್ಲಿ ಪಟ್ಟಿಯನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿ, ದಾರ ಪೋಣಿಸಿ, ಪತ್ರಿಕೆಯ ಮೇಜಿಗೆ ಕಟ್ಟಿ. ನಾನು ಮೂರು ತಿಂಗಳಿಗೊಮ್ಮೆ ಹೊಸದನ್ನು ಕಟ್ಟುತ್ತೇನೆ. ಹಳೆಯದರ ಅಂಚಿನಲ್ಲಿ ಅವರು ಪೆನ್ನಿನಿಂದ ಬರೆದಿಟ್ಟ ಪುಸ್ತಕಗಳ ಹೆಸರೇ ನನ್ನ ಮುಂದಿನ ಖರೀದಿಯ ಪಟ್ಟಿ.